ಕೆರೆಯ ಕೋಡಿಗೆ ಒಡ್ಡು ಹಾಕಬಾರದು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಪಶ್ಚಿಮಘಟ್ಟಗಳ ಮಳೆಯ ಮರೆಯಲ್ಲಿರುವುದರಿಂದ ಇಲ್ಲಿ ಬರವು ಪದೇಪದೇ ಒದಗುವುದು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಅಪಾರ ಜನರನ್ನೂ ದನಕರುಗಳನ್ನೂ ಕಳೆದುಕೊಂಡಿತು. ಆದರೆ ಬರದ ಭಯವೇ ಮತ್ತೊಂದು ಕೇಡಿಗೆ ಕಾರಣವಾಗುವುದುಂಟು.

ನೀರು ಹೆಚ್ಚು ನಿಲ್ಲಲೆಂದು ಕೆಲವರು ಕೋಡಿಗೆ ಕಲ್ಲುಮಣ್ಣು ಒಡ್ಡುವರು. ಈ ಸೀಮೆಯ ಜೋರುಮಳೆಯು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುವುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮೀರಿದ ನೀರಾಗುವುದು. ಹೋಗಲು ದಾರಿಯಿಲ್ಲದ ನೀರು ಏರಿಯ ಮೇಲೆ ಹರಿದು ಅದನ್ನು ಕೊರೆದು ಒಡೆಯುವುದು. ಆಗ ಕೆಳಗಿನ ಕೆರೆಗಳಿಗೂ ಅಪಾಯ; ಗದ್ದೆಗಳಲ್ಲಿ ಮರಳು ತುಂಬುವುದು; ಬೇಸಗೆಗೆ ನೀರೇ ಉಳಿಯದು.

ಆದಕಾರಣ ಗ್ರಾಮದ ಮುಖಂಡರು ಊರವರನ್ನು ಕೂಡಿಸಿ, ಮುಂಗಾರಿಗೆ ಮೊದಲೇ ಈ ಕೆಲಸಗಳನ್ನು ಮಾಡಿಸತಕ್ಕದ್ದು:

1. ಕೋಡಿಯನ್ನೂ ಕೋಡಿಹಳ್ಳವನ್ನೂ ತೆರವು ಮಾಡುವುದು.
2. ಏರಿಯ ಬಿಲಗಳನ್ನು ಮುಚ್ಚಿ, ತೂಬಿನ ಬಳಿ ನೀರು ಜಿನುಗುವುದೇ ಎಂದು ಪರೀಕ್ಷಿಸುವುದು.
3. ಹೆಚ್ಚು ನೀರು ಬೇಕಾದರೆ ಹೂಳು ತೆಗೆದು ಹೊಲಗಳಿಗೆ ಹೊಡೆಯುವುದು.
4. ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ಉತ್ತು ಬದು ಹಾಕುವುದು.

ಕೋಡಿಯಲ್ಲಿ ಹರಿದ ನೀರು ನಷ್ಟವಲ್ಲ. ಅದು ಕೆಳಗಿನ ಊರಿನ ಪಾಲು, ನಮ್ಮ ಏರಿಯ ರಕ್ಷೆ.