ಸೇತುವೆ ಕಟ್ಟಿದ ಮೇಲೆ ಹಳ್ಳದ ದಂಡೆಗೆ ಬಂದ ಕಳೆ

ಗೆಳೆಯರೇ, ಈ ಸಲ ಪರಿಸರ ಸಂಘದ ಪರವಾಗಿ ಪಾಠ ಬರೆಯುವ ಸರದಿ ನನ್ನದು. ಪಾಠ ಕಳೆಯ ಬಗ್ಗೆ. ಹೊಲದ ಕಳೆ ಅಲ್ಲ, ಅದು ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಶಾಲೆಯ ಹಿಂದಿನ ಹಳ್ಳದ ದಂಡೆಯಲ್ಲಿ, ಹೊಸ ಸೇತುವೆಯ ಎರಡೂ ಕಡೆ, ಸೊಂಟದೆತ್ತರ ಬೆಳೆದು ನಿಂತಿರುವ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ವಿಷಯ. ಈ ಸಂಚಿಕೆಯಲ್ಲೇ ಬರೆಯಲು ಕಾರಣ ಇದೆ. ಜಾತ್ರೆಗೆ ಮುಂಚೆ ದಂಡೆಯನ್ನು ಜೆಸಿಬಿಯಿಂದ ಇನ್ನೊಂದು ಸಲ ಕೆರೆಸಿ ಕ್ಲೀನ್ ಮಾಡಿಸೋಣ ಎಂಬ ಮಾತು ಊರಿನಲ್ಲಿ ನಡೆದಿದೆ. ಅದು ಆಗಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಆಗಬಾರದು, ಬದಲಿಗೆ ಏನು ಮಾಡಬೇಕು ಎಂಬುದನ್ನು ಹೇಳುತ್ತೇನೆ, ಓದಿ.

ಮೊದಲು ಆ ದಂಡೆಯ ಕೆಲಸವೇನು ಅಂತ ತಿಳಿಯೋಣ. ಹೊಲಗಳಿಗೂ ಹಳ್ಳಕ್ಕೂ ನಡುವೆ ಹತ್ತು ಹದಿನೈದು ಹೆಜ್ಜೆ ಅಗಲದ ಪೊದೆ ಇತ್ತು. ಮೇಲೆ ಹೊಂಗೆ, ಅದರ ಕೆಳಗೆ ಲಕ್ಕಿ, ತಂಗಡಿ, ಬಂದರಿಕೆ, ನೆಲಕ್ಕೆ ಗರಿಕೆ ಮತ್ತು ತುಂಬೆ. ಇದನ್ನು ಯಾರೂ ನೆಟ್ಟಿರಲಿಲ್ಲ, ತಾನಾಗಿ ಬೆಳೆದದ್ದು. ಜೋರು ಮಳೆ ಬಂದಾಗ ಹೊಲದಿಂದ ಕೆಂಪಗೆ ಇಳಿಯುವ ನೀರು ಈ ಪೊದೆಯ ಬುಡಗಳಿಗೆ ಸಿಕ್ಕಿ ನಿಧಾನವಾಗುತ್ತದೆ. ನಿಧಾನವಾದ ನೀರು ಮಣ್ಣನ್ನು ಹೊರಲಾರದು, ಅಲ್ಲೇ ಇಳಿಸುತ್ತದೆ. ಹಾಗಾಗಿ ಹಳ್ಳಕ್ಕೆ ಸೇರುವ ನೀರಿನಲ್ಲಿ ಮಣ್ಣು ಕಡಿಮೆ, ಕೆರೆಗೆ ಬೀಳುವ ಹೂಳೂ ಕಡಿಮೆ. ತಂಗಡಿ ಹೂವಿಗೆ ದುಂಬಿ ಬರುತ್ತವೆ, ಅವೇ ನಮ್ಮ ಕುಂಬಳ ಹೀರೆ ಹೂವಿಗೂ ಹೋಗುತ್ತವೆ. ಇಂಥ ಪಟ್ಟಿಗೆ ಪುಸ್ತಕದಲ್ಲಿ ತಡೆವಲಯ ಎನ್ನುತ್ತಾರೆ. ನಮ್ಮಜ್ಜಿ ಹಳ್ಳದ ಸೆರಗು ಅನ್ನುತ್ತಾಳೆ. ನನಗೆ ಅಜ್ಜಿಯ ಹೆಸರೇ ಸರಿ ಅನ್ನಿಸುತ್ತದೆ, ಅದನ್ನೇ ಬಳಸುತ್ತೇನೆ.

2023ರ ಬೇಸಿಗೆಯಲ್ಲಿ ಸೇತುವೆ ಕೆಲಸ ನಡೆಯಿತು. ಸೇತುವೆ ಬೇಡವಾಗಿತ್ತು ಅಂತ ನಾನು ಖಂಡಿತ ಹೇಳುವುದಿಲ್ಲ. ಅದಕ್ಕೆ ಮುಂಚೆ ಹಳ್ಳ ಬಂದ ದಿನ ಆಚೆ ದಂಡೆಯ ಮಕ್ಕಳ ಹಾಜರಿ ಖಾಲಿ. ಆದರೆ ಕೆಲಸ ಮಾಡುವಾಗ ಸೆರಗನ್ನು ಎರಡೂ ಕಡೆ ಉದ್ದಕ್ಕೂ ಕೆರೆದು ಹಾಕಿದರು. ಮೇಲಿನ ಗೇಣುದ್ದ ಕಪ್ಪು ಮಣ್ಣಿದೆಯಲ್ಲ, ಅದರಲ್ಲೇ ಹಳೆಯ ಬೀಜ, ಬೇರು, ಗೆಡ್ಡೆ ಎಲ್ಲ ಇರುವುದು. ಅದನ್ನು ಬೇರೆ ಗುಡ್ಡೆ ಹಾಕಿಟ್ಟು ಕಡೆಗೆ ಮೇಲೆ ಹರಡಿದ್ದರೆ ಅರ್ಧ ಗಿಡ ತಾವೇ ಎದ್ದು ಬರುತ್ತಿದ್ದವು. ಹಾಗೆ ಮಾಡಲಿಲ್ಲ. ಅದು ಅಡಿಗೆ ಹೋಯಿತು, ಬೇರೆ ಕಡೆಯಿಂದ ತಂದ ಮಣ್ಣು ಮೇಲೆ ಬಂತು. ಲಾರಿಯ ಟೈರಿನ ಕೆಸರಲ್ಲಿ, ಜೆಸಿಬಿ ಬಕೆಟ್ಟಿನಲ್ಲಿ, ಆ ಮಣ್ಣಿನಲ್ಲಿ ಕಾಂಗ್ರೆಸ್ ಬೀಜವೂ ಬಂತು. ಮೊದಲ ಮಳೆಗೇ ಹಸಿರು ಚಾಪೆ ಹಾಸಿದ ಹಾಗೆ ಎದ್ದಿತು.

ಈ ಗಿಡದ ಊರು ಅಮೆರಿಕ ಖಂಡದ ಉಷ್ಣ ಪ್ರದೇಶ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದು ಗಮನಕ್ಕೆ ಬಂತು. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬಂದಿರಬೇಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾಂಗ್ರೆಸ್ ಎಂಬ ಹೆಸರು ಯಾಕೆ ಬಂತೆಂದರೆ, ಗೋಧಿ ಬಂದಾಗ ಇದ್ದ ಸರ್ಕಾರದಿಂದ ಅಂತ ಕೆಲವರು, ಹೂವು ಬಿಳಿ ಟೋಪಿಯ ಹಾಗಿದೆ ಅಂತ ಕೆಲವರು. ನಮಗೆ ರಾಜಕೀಯ ಬೇಡ. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಹಾನಿಕರ ಕಳೆ ಎಂದು ಕಾನೂನಿನ ಪ್ರಕಾರವೇ ಘೋಷಿಸಿತು. ಗಿಡಕ್ಕೆ ಓದಲು ಬರುವುದಿಲ್ಲ ಅಷ್ಟೆ. ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಬಿಡಬಲ್ಲದು. ಮೊಳಕೆಯೊಡೆದು ಒಂದು ಒಂದೂವರೆ ತಿಂಗಳಿಗೆ ಹೂವು ಶುರು. ತೇವ ಇದ್ದರೆ ಒಂದೇ ವರ್ಷದಲ್ಲಿ ಎರಡು ಮೂರು ತಲೆಮಾರು ಮುಗಿಸುತ್ತದೆ, ಹಳ್ಳದ ದಂಡೆಯಲ್ಲಂತೂ ತೇವಕ್ಕೆ ಕೊರತೆಯೇ ಇಲ್ಲ. ಇದರ ಎಲೆ ಬೇರುಗಳಲ್ಲಿರುವ ರಸ ಪಕ್ಕದ ಬೀಜಗಳು ಮೊಳೆಯದಂತೆ ತಡೆಯುತ್ತದೆ. ದನ ಮುಟ್ಟುವುದಿಲ್ಲ, ಹೊಟ್ಟೆಗಿಲ್ಲದೆ ಮುಟ್ಟಿದರೆ ಹಾಲು ಕಹಿ. ಮನುಷ್ಯರಿಗೆ ತುರಿಕೆ, ಸೀನು, ಕೆಲವರಿಗೆ ಉಬ್ಬಸ. ಹಳ್ಳದಲ್ಲಿ ಬಟ್ಟೆ ಒಗೆಯಲು ಹೋಗುವ ನಮ್ಮ ಕೇರಿಯ ಹೆಂಗಸರ ಮೊಣಕೈ ನೋಡಿದರೆ ಗೊತ್ತಾಗುತ್ತದೆ, ನಾನು ಬರೆಯಬೇಕಾಗಿಲ್ಲ.

ಹಾಗಾದರೆ ಕೆರೆಸಿ ಹಾಕುವುದು ಒಳ್ಳೆಯದಲ್ಲವೇ ಅಂತ ಕೇಳುತ್ತೀರಿ. 2024ರಲ್ಲಿ ಜಾತ್ರೆಗೆ ಮುಂಚೆ ಕೆರೆಸಿದರು, 2025ರಲ್ಲೂ ಕೆರೆಸಿದರು. ಎರಡು ಸಲವೂ ಜಾತ್ರೆಯ ದಿನ ದಂಡೆ ಅಂಗಳದ ಹಾಗೆ ಚೊಕ್ಕವಾಗಿತ್ತು. ಎರಡು ಸಲವೂ ಮಳೆಗಾಲಕ್ಕೆ ಮೊದಲಿಗಿಂತ ದಟ್ಟವಾಗಿ ಎದ್ದಿತು. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಕಾಂಗ್ರೆಸ್ ಗಿಡಕ್ಕೆ ಬೇಕಾದದ್ದು ಬೋಳು ನೆಲ ಮತ್ತು ಬಿಸಿಲು. ಜೆಸಿಬಿ ಅದಕ್ಕೆ ಅದೇ ಎರಡನ್ನೂ ಪುಕ್ಕಟೆ ಕೊಡುತ್ತದೆ. ಅಡಿಯಲ್ಲಿ ಹೂತಿದ್ದ ಹಳೆ ಬೀಜ ಮೇಲೆ ಬರುತ್ತದೆ, ಆಗಷ್ಟೇ ಹಬ್ಬಲು ಹೊರಟ ಗರಿಕೆ ಕಿತ್ತುಹೋಗುತ್ತದೆ. ಅದೂ ಮಳೆಗೆ ಎರಡು ತಿಂಗಳು ಮುಂಚೆ! ಬಿತ್ತನೆಗೆ ಹೊಲ ಹದ ಮಾಡುವುದು ಇನ್ನು ಹೇಗೆ? ಮೇಲಾಗಿ ಮೊದಲ ಮಳೆಗೆ ಆ ಸಡಿಲ ಮಣ್ಣೆಲ್ಲ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ.

ಇಲ್ಲಿ ಕಳೆ ಅಂದರೆ ಏನು ಎಂಬುದನ್ನೇ ಸ್ವಲ್ಪ ಯೋಚಿಸಬೇಕು. ನಮ್ಮಜ್ಜಿ ರಾಗಿ ಹೊಲದಲ್ಲಿ ಗರಿಕೆ ಕಂಡರೆ ಬೈಯದೆ ಬಿಟ್ಟವಳಲ್ಲ. ಒಂದು ಗೆಣ್ಣು ಉಳಿದರೂ ಸಾಕು, ಮತ್ತೆ ಹಬ್ಬುತ್ತದೆ. ಹೊಲದಲ್ಲಿ ಅದು ದೋಷ. ಅದೇ ಗುಣ ದಂಡೆಯಲ್ಲಿ ವರ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮಣ್ಣನ್ನು ಹೊಲಿದ ಹಾಗೆ ಹಿಡಿಯುತ್ತದೆ, ಕಾಂಗ್ರೆಸ್ ಬೀಜಕ್ಕೆ ಬೀಳಲು ಜಾಗ ಕೊಡುವುದಿಲ್ಲ. ಹೀಗೆ ಒಂದೇ ಹುಲ್ಲು ಒಂದು ಕಡೆ ಕಳೆ, ಇನ್ನೊಂದು ಕಡೆ ಕಾವಲುಗಾರ. ತಗಚೆ, ಉತ್ತರಾಣಿ, ತುಂಬೆ ಕೂಡ ಹಾಗೆಯೇ. ಶ್ರಮದಾನದ ದಿನ ಉತ್ಸಾಹದಲ್ಲಿ ಇವನ್ನೂ ಕಿತ್ತು ಗುಡ್ಡೆ ಹಾಕುತ್ತೇವೆ, ಗುಡ್ಡೆ ದೊಡ್ಡದಾದಷ್ಟೂ ಭೇಷ್ ಅನ್ನುವವರು ಇರುತ್ತಾರೆ. ಮೇಷ್ಟ್ರುಗಳು ದಯವಿಟ್ಟು ಗುಡ್ಡೆಯ ಗಾತ್ರ ನೋಡಿ ಅಂಕ ಕೊಡಬಾರದು ಅಂತ ನನ್ನ ವಿನಂತಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಮಗೆ ತಟ್ಟನೆ ತೋಚುವುದು, ಎಲ್ಲಿ ಕಳೆ ಅತಿ ದಟ್ಟವಾಗಿದೆಯೋ ಅಲ್ಲಿಂದ. ಇದಕ್ಕೆ ಉಲ್ಟಾ ದಾರಿ ತೋರಿಸಿದವರು ಆಸ್ಟ್ರೇಲಿಯಾ ದೇಶದ ಸಿಡ್ನಿ ನಗರದ ಅಕ್ಕ ತಂಗಿಯರು, ಜೋನ್ ಮತ್ತು ಐಲೀನ್ ಬ್ರಾಡ್ಲಿ. 1960ರ ದಶಕದಲ್ಲಿ ಅವರು ತಮ್ಮ ಮನೆಯ ಹತ್ತಿರದ ಕುರುಚಲು ಕಾಡಿನಲ್ಲಿ ಕೈಯಿಂದಲೇ ಕಳೆ ತೆಗೆಯುತ್ತಾ ಇದನ್ನು ಕಂಡುಕೊಂಡರು. ಒಟ್ಟಿಗೆ ಸವರಿ ಹಾಕಿದ ಕಡೆ ಕಳೆಯೇ ವಾಪಸ್ ಬರುತ್ತಿತ್ತು. ಅವರ ಪದ್ಧತಿ ಸರಳ. ಎಲ್ಲಿ ಊರಿನ ಗಿಡಗಳು ಚೆನ್ನಾಗಿವೆಯೋ ಅಲ್ಲಿಂದ ಹೊರಟು ಕೆಟ್ಟ ಜಾಗದ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು. ತೆಗೆದ ಜಾಗಕ್ಕೆ ಒಳ್ಳೆಯ ಗಿಡ ಹಬ್ಬುವ ತನಕ ಮುಂದಕ್ಕೆ ಹೋಗಕೂಡದು. ಅಂದರೆ ನಮ್ಮ ವೇಗ ಎಷ್ಟಿರಬೇಕು ಎಂಬುದನ್ನು ಗರಿಕೆ ಹೇಳಬೇಕೇ ಹೊರತು ಕ್ಯಾಲೆಂಡರ್ ಅಲ್ಲ. ಅಲ್ಲಿನ ಗಿಡ ಬೇರೆ, ನಮ್ಮ ಗಿಡ ಬೇರೆ, ಆದರೆ ಲೆಕ್ಕ ಒಂದೇ.

2025ರ ಮಳೆಗಾಲದಲ್ಲಿ ನಾವು ಎಂಟು ಜನ ಹೀಗೇ ಮಾಡಿ ನೋಡಿದೆವು. ಸೇತುವೆಯಿಂದ ಸ್ವಲ್ಪ ಮೇಲಕ್ಕೆ ಜೆಸಿಬಿ ಮುಟ್ಟದ ಹೊಂಗೆ ಮರ ಒಂದಿದೆಯಲ್ಲ, ಅದರ ಬುಡದಿಂದ ಶುರು ಮಾಡಿ, ವಾರಕ್ಕೊಮ್ಮೆ ಅರ್ಧ ಗಂಟೆ. ದೀಪಾವಳಿಯ ಹೊತ್ತಿಗೆ ಮುಗಿದದ್ದು ಬರೀ ಎಂಟು ಹೆಜ್ಜೆ ಜಾಗ. ಇಷ್ಟೇನಾ ಅಂತ ನಕ್ಕವರೂ ಇದ್ದಾರೆ. ಆದರೆ ಹೋಗಿ ನೋಡಿ, ಆ ಎಂಟು ಹೆಜ್ಜೆಯಲ್ಲಿ ಇವತ್ತು ಗರಿಕೆ ಕೂಡಿಕೊಂಡಿದೆ, ನಡುವೆ ತುಂಬೆ ಹೂ ಬಿಟ್ಟಿದೆ, ಕಾಂಗ್ರೆಸ್ ಹುಡುಕಬೇಕು. ಜೆಸಿಬಿ ಬಂದರೆ ಮೊದಲು ಹೋಗುವುದು ಅದೇ.

ಕೀಳುವ ಕ್ರಮ ಹೇಳುತ್ತೇನೆ. ಗಿಡ ಎಳೆಯದಿದ್ದಾಗ ಎಲೆಗಳು ನೆಲಕ್ಕೆ ಅಂಟಿಕೊಂಡು ತಟ್ಟೆಯ ಹಾಗಿರುತ್ತವೆ. ಆಮೇಲೆ ನಡುವಿನಿಂದ ಕಾಂಡ ಏಳುತ್ತದೆ, ಆಮೇಲೆ ಹೂವು. ತಟ್ಟೆಯ ಹಂತದಿಂದ ಕಾಂಡ ಏಳುವ ಹಂತದವರೆಗೆ, ಮಳೆ ಬಂದ ಮಾರನೆ ದಿನ, ಬೇರು ಸಮೇತ ಕೀಳಬೇಕು. ಕುಡುಗೋಲಿನಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಒಂದು ಕೈಯಿಂದ ಬುಡದ ಮಣ್ಣು ಒತ್ತಿ ಹಿಡಿದು ಇನ್ನೊಂದು ಕೈಯಿಂದ ಎಳೆಯಿರಿ, ಕಿತ್ತ ಮೇಲೆ ಕಾಲಿಂದ ಮಣ್ಣು ತುಳಿದು ಕೂರಿಸಿ. ಕೈಗೆ ಕವಚ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ, ಮೈಗೆ ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ. ಉಬ್ಬಸ ಇರುವವರು, ಒಂದು ಸಲವಾದರೂ ತುರಿಕೆ ಆದವರು ಈ ಕೆಲಸಕ್ಕೆ ಬರಲೇಬಾರದು, ಅವರಿಗೆ ಬೀಜದ ಕೆಲಸ ಇದೆ. ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಹಾವು ಇರುತ್ತವೆ. ಹೂ ಬಿಡದ ಗಿಡ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಿದರೆ ಆ ಗೊಬ್ಬರದ ಜೊತೆ ಬೀಜ ನಮ್ಮ ಹೊಲಕ್ಕೇ ಬಂತು ಅಂತಲೇ ತಿಳಿಯಿರಿ. ಅದಕ್ಕೆ ಬೇರೆ ಆಳವಾದ ಗುಂಡಿ, ಮೇಲೆ ಮಣ್ಣು.

ಮಳೆಗಾಲದಲ್ಲಿ ಕೀಳುವಾಗ ಎಲೆಯ ಮೇಲೆ ಒಂದು ಪುಟ್ಟ ಜೀರುಂಡೆ ಕಾಣಬಹುದು. ತಿಳಿ ಬಣ್ಣದ ಬೆನ್ನು, ಅದರ ಮೇಲೆ ಕಂದು ಗೆರೆ. ಅದನ್ನು ಹೊಸಕಬೇಡಿ! ಕಾಂಗ್ರೆಸ್ ಎಲೆ ತಿನ್ನಲಿ ಅಂತಲೇ ಮೆಕ್ಸಿಕೋ ದೇಶದಿಂದ 1983ರಲ್ಲಿ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ಮರಿಯೂ ತಿನ್ನುತ್ತದೆ, ದೊಡ್ಡದೂ ತಿನ್ನುತ್ತದೆ. ಮಳೆ ಹೋದ ಮೇಲೆ ಮಣ್ಣಿನೊಳಗೆ ಮಲಗಿ ಮುಂದಿನ ಮಳೆಗೆ ಏಳುತ್ತದೆ. ಅಂದಮೇಲೆ ಬೇಸಿಗೆಯಲ್ಲಿ ಮಣ್ಣು ಕೆರೆದರೆ ಅದರ ಗತಿ ಏನು, ನೀವೇ ಊಹಿಸಿ. ಜೀರುಂಡೆ ಒಂದರಿಂದಲೇ ಎಲ್ಲ ಆಗುವುದಿಲ್ಲ, ಆದರೆ ಸಂಬಳ ಕೇಳದ ಆಳು.

ರೋಜದ ಗಿಡ, ಅಂದರೆ ಲಂಟಾನ, ಸೇತುವೆಯ ಕೆಳಭಾಗದಲ್ಲಿ ನಾಲ್ಕೈದು ಕಡೆ ಮಾತ್ರ ಇದೆ. ಇದು 1809ರಲ್ಲಿ ಕಲ್ಕತ್ತದ ತೋಟಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಇದನ್ನು ಕಡಿದರೆ ನೂರು ಕವಲು, ಅಗೆದರೆ ದೊಡ್ಡ ಹಳ್ಳ. ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೆ ಮುಖ್ಯ ಬೇರನ್ನು ಕತ್ತರಿಸಿ, ಗಿಡವನ್ನು ಬೇರು ಮೇಲಾಗುವಂತೆ ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಪಿಕಳಾರ ಹಕ್ಕಿ ಗೂಡು ಕಟ್ಟಿದ್ದರೆ ಮರಿ ಹಾರುವ ತನಕ ಕಾಯೋಣ. ಬಳ್ಳಾರಿ ಜಾಲಿ ಸಸಿಗಳನ್ನಂತೂ ಮೊಣಕಾಲೆತ್ತರ ಆಗುವ ಮುಂಚೆಯೇ ಕೀಳಬೇಕು, ಆಮೇಲೆ ನಮ್ಮ ಕೈಲಾಗದು.

ಔಷಧಿ ಹೊಡೆದರೆ ಒಂದೇ ದಿನದ ಕೆಲಸ ಅಂತ ಕೆಲವರು ಹೇಳುತ್ತಾರೆ. ಕಳೆನಾಶಕ ಬಹುಪಾಲು ಹಸಿರಾಗಿರುವುದನ್ನೆಲ್ಲ ಸುಡುತ್ತದೆ, ಗರಿಕೆಯನ್ನೂ ಲಕ್ಕಿಯನ್ನೂ. ಮತ್ತೆ ಬೋಳು ನೆಲ. ಪಕ್ಕದಲ್ಲೇ ದನ ಕುಡಿಯುವ ನೀರು, ಕಪ್ಪೆ ಮೀನು. ಉಪ್ಪುನೀರು ಹೊಡೆಯುವುದನ್ನೂ ಕೇಳಿದ್ದೇನೆ. ರಸ್ತೆ ಬದಿಗೆ ಏನಾದರೂ ಮಾಡಿಕೊಳ್ಳಲಿ, ದಂಡೆಗೆ ಬೇಡ. ಮಣ್ಣಿಗೆ ಉಪ್ಪು ಸೇರಿದರೆ ನಮ್ಮ ಗಿಡವೂ ಏಳುವುದಿಲ್ಲ.

ಕಿತ್ತದ್ದಕ್ಕಿಂತ ತುಂಬಿಸುವುದು ಮುಖ್ಯ. ಗರಿಕೆಯನ್ನು ಹೊಲದಲ್ಲಿ ಕಿತ್ತು ಬದುವಿಗೆ ಎಸೆಯುತ್ತೀರಲ್ಲ, ಅದನ್ನೇ ಗೋಣಿಚೀಲದಲ್ಲಿ ತನ್ನಿ. ಗೇಣುದ್ದದ ತುಂಡು ಮಾಡಿ ಮಳೆಯ ಹದದಲ್ಲಿ ಮಣ್ಣಿಗೆ ಒತ್ತಿದರೆ ಸಾಕು. ಇಳಿಜಾರು ಜಾಸ್ತಿ ಇರುವ ಕಡೆ ಲಾವಂಚದ ಬುಡಗಳನ್ನು ಅಡ್ಡ ಸಾಲಾಗಿ ನೆಡಬೇಕು. ಲಕ್ಕಿ ಕಡ್ಡಿಯಿಂದಲೇ ಬರುತ್ತದೆ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಮರಳಿನ ಜೊತೆ ಉಜ್ಜಿ ಒಂದು ರಾತ್ರಿ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತದೆ. ಈ ಲಕ್ಕಿ, ತಂಗಡಿ ಎರಡನ್ನೂ ದನ ಸಾಮಾನ್ಯವಾಗಿ ಮೇಯುವುದಿಲ್ಲ, ಆದ್ದರಿಂದ ಬೇಲಿಯ ಖರ್ಚಿಲ್ಲ. ಹೊಂಗೆ ಬೀಜ ಮಾತ್ರ ಆ ವರ್ಷದ್ದೇ ಇರಲಿ, ಹಳತಾದರೆ ಮೊಳೆಯುವುದು ಕಡಿಮೆ.

ಜಾತ್ರೆಗೆ ಬರುವವರಿಗೆ ದಾರಿ ಬೇಕು ಎಂಬುದು ನಿಜ. ಅದಕ್ಕೆ ಎರಡು ಹೆಜ್ಜೆ ಅಗಲದ ಕಾಲುದಾರಿಯನ್ನು ಕುಡುಗೋಲಿನಿಂದ ಸವರಿಕೊಟ್ಟರೆ ಆಯಿತು, ಇಡೀ ದಂಡೆ ಕೆರೆಯಬೇಕಾಗಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಈ ಮಾತನ್ನು ಪಂಚಾಯಿತಿಯಲ್ಲಿ ಹೇಳುತ್ತೇನೆ ಅಂದಿದ್ದಾರೆ. ಮೂರು ಮಳೆಗಾಲ ದಂಡೆಯನ್ನು ಶಾಲೆಗೆ ಬಿಟ್ಟುಕೊಡಿ ಅಂತ ಕೇಳುವ ಅರ್ಜಿಗೆ ಸಹಿ ಹಾಕುವವರು ಆಫೀಸ್ ಕೋಣೆಯ ಮುಂದಿನ ಹಾಳೆಯಲ್ಲಿ ಹಾಕಿ, ಮನೆಯ ದೊಡ್ಡವರ ಸಹಿಯೂ ಬೇಕು.

ತಂಗಡಿ ಕಾಯಿ ಈಗ ಒಣಗುತ್ತಿದೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕಾಯಿ ಕೊಯ್ಯಲು ಗುಡ್ಡದ ಕಡೆ ಹೋಗುತ್ತೇವೆ. ಬಟ್ಟೆಯ ಚೀಲ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಬರುತ್ತದೆ. ತುರಿಕೆ ಆದವರೂ ಇದಕ್ಕೆ ಬರಬಹುದು.

— 9ನೇ ತರಗತಿ, ಪರಿಸರ ಸಂಘ