ಸೆಮಿನರಿಗೆ ಹೋದ ಮಗಳಿಗೆ

ಬೆಟಗೇರಿ

ಪ್ರೀತಿಯ ಮಗಳೆ,

ಫೋನಿನಲ್ಲಿ ನಿನ್ನ ಜೊತೆ ಮಾತಾಡೋಣವೆಂದರೆ ನಿನ್ನ ಅವ್ವ ಬಿಟ್ಟರೆ ತಾನೆ! ಊಟ ಸೇರುತ್ತದೋ ಇಲ್ಲವೋ, ಬೆಂಗಳೂರಿನ ಥಂಡಿಗೆ ನೆಗಡಿ ಬಂತೋ, ಅಲ್ಲಿಗೆ ಮಾತು ಮುಗಿಯಿತು. ಅವಳು ಒಳಗೆ ಹೋದ ಎರಡು ನಿಮಿಷದಲ್ಲಿ ನೀನು ದನಿ ತಗ್ಗಿಸಿ ಹೇಳಿದ್ದು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ದೇವರ ಸೇವೆಗೆಂದು ಬಂದವಳು ಇಲ್ಲಿ ಓದಿ ಓದಿ ಇದ್ದ ವಿಶ್ವಾಸವನ್ನೂ ಕಳಕೊಂಡರೆ ಊರಿನ ಸಭೆಗೆ ಯಾವ ಮುಖ ತೋರಿಸಲಿ ಎಂದೆ. ಇದಕ್ಕೆ ಫೋನು ಸಾಲದು, ಅದಕ್ಕೇ ಈ ಕಾಗದ.

ನಿನ್ನನ್ನು ಅಲುಗಿಸಿದ್ದು ನೋಹನ ಪಾಠ ಅಂದೆಯಲ್ಲ, ಅದನ್ನೇ ತೆಗೆದುಕೊಳ್ಳೋಣ. ಸಂಡೇ ಸ್ಕೂಲಿನಲ್ಲಿ ನೀನು ಆ ಕಥೆಯನ್ನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಬಹುಮಾನವಾಗಿ ಬಂದ ಸ್ಟೀಲಿನ ಡಬ್ಬಿ ಈಗಲೂ ಇಲ್ಲಿ ಜೀರಿಗೆಗೆ ಆಗಿದೆ. ಈಗ ತರಗತಿಯಲ್ಲಿ ಅದೇ ಕಥೆಯನ್ನು ಬಣ್ಣದ ಪೆನ್ಸಿಲ್ ಹಿಡಿದು ಬಿಡಿಸಲು ಹೇಳಿದರು. ಆದಿಕಾಂಡದ ಆರನೆಯ ಅಧ್ಯಾಯದಲ್ಲಿ ಪ್ರತಿಯೊಂದು ಜಾತಿಯ ಪ್ರಾಣಿಯಲ್ಲಿ ಒಂದು ಗಂಡು ಒಂದು ಹೆಣ್ಣು ಎಂದು ಅಪ್ಪಣೆ. ಏಳನೆಯ ಅಧ್ಯಾಯ ತೆರೆದರೆ ಶುದ್ಧ ಪ್ರಾಣಿಗಳಲ್ಲಿ ಏಳೇಳು ಜೋಡಿ. ಒಂದು ಕಡೆ ಮಳೆ 40 ದಿನ, ಇನ್ನೊಂದು ಕಡೆ ನೀರು ಇಳಿಯದೆ ನಿಂತದ್ದು 150 ದಿನ. ಎರಡು ಹಳೆಯ ಕಥನಗಳು ಒಂದರೊಳಗೊಂದು ಸೇರಿಕೊಂಡಿವೆ ಎಂದು ಮೇಷ್ಟರು ತೋರಿಸಿದಾಗ ನಿನಗೆ ಅಳು ಬಂತು. ಅಳು ಬಂದದ್ದು ಕಥೆ ಎರಡಾಯಿತೆಂದಲ್ಲ, ಇಷ್ಟು ವರ್ಷ ಓದಿಯೂ ಇದು ನಿನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು. ನಮ್ಮ ಮನೆಯ ಹಳೆಯ ಕನ್ನಡ ಸತ್ಯವೇದದಲ್ಲೇ ಇದೆ ಮಗಳೆ ಅದು. ಯಾರೂ ಬಚ್ಚಿಟ್ಟಿರಲಿಲ್ಲ. ನಾವು ಓದುವುದಕ್ಕಿಂತ ಒಪ್ಪಿಸುವುದನ್ನು ಹೆಚ್ಚು ಕಲಿಸಿದೆವು, ಅಷ್ಟೆ.

ಈ ಹೆದರಿಕೆ ನಿನ್ನೊಬ್ಬಳದೇ ಅಂದುಕೊಳ್ಳಬೇಡ. ಆದಿಕಾಂಡದಲ್ಲಿ ಎರಡು ಎಳೆಗಳಿವೆ ಎಂದು 1753ರಲ್ಲೇ ಬರೆದವನು ಜಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯ. ಅವನಾದ ಮೇಲೆ ಈ ವಿದ್ಯೆಯನ್ನು ದೊಡ್ಡದಾಗಿ ಬೆಳೆಸಿದವರಲ್ಲಿ ಜರ್ಮನಿಯ ಯೂಲಿಯಸ್ ವೆಲ್‌ಹೌಸನ್ ಒಬ್ಬ. ಅವನ ಹೆಸರು ನಿನಗೆ ಪರೀಕ್ಷೆಯಲ್ಲಿ ಖಂಡಿತ ಬರುತ್ತದೆ. ಪರೀಕ್ಷೆಗೆ ಬಾರದ ಒಂದು ಸಂಗತಿ ನಾನು ಹೇಳುತ್ತೇನೆ: 1882ರಲ್ಲಿ ಅವನು ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ದೈವಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ಕೊಟ್ಟ. ತನ್ನ ಪಾಠ ಕೇಳಿದ ಹುಡುಗರು ಸಭಾಪಾಲಕರಾಗಲು ತಯಾರಾಗುವ ಬದಲು ಅದಕ್ಕೆ ಒಲ್ಲದವರಾಗುತ್ತಿದ್ದಾರೆ ಎಂಬುದು ಅವನ ಸಂಕಟ. ಪ್ರಾಮಾಣಿಕ ಮನುಷ್ಯ, ಅನುಮಾನವಿಲ್ಲ. ಆದರೆ ಅವನ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಬಲ್ಮಠದ ಸೆಮಿನರಿಯಲ್ಲಿ ಇದೇ ಪಾಠ ಕೇಳಿದವನು ನಾನು. ಆಮೇಲೆ ಬದುಕಿಡೀ ಹಳ್ಳಿಯ ಸಭೆಗಳಲ್ಲಿ ಹೆಣ ಮಣ್ಣು ಮಾಡಿದೆ, ಮದುವೆ ಮಾಡಿಸಿದೆ, ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟೆ. ಆ ಪಾಠ ಒಂದು ದಿನವೂ ನನ್ನ ಕೈ ಹಿಡಿದು ನಿಲ್ಲಿಸಲಿಲ್ಲ.

ನಮ್ಮ ಓಣಿಯಲ್ಲಿ ಮಗ್ಗಕ್ಕೆ ಕೂತ ಹುಡುಗನಿಗೆ ಮೊದಲು ಕೊಡುವ ಕೆಲಸ ಏನು, ನೋಡಿದ್ದೀಯಲ್ಲ? ಹರಿದ ತುಂಡಿನ ಎಳೆ ಬಿಚ್ಚುವುದು. ಹಾಸು ಯಾವುದು, ಹೊಕ್ಕು ಯಾವುದು, ಗಂಟು ಎಲ್ಲಿ ಬಿತ್ತು ಎಂದು ಬೆರಳಿಗೆ ಗೊತ್ತಾಗಲಿ ಎಂದು. ನಾಲ್ಕು ವರ್ಷದ ಬಿ.ಡಿ. ಅಂದರೂ ಹೆಚ್ಚುಕಡಿಮೆ ಅದೇ. ಮೊದಲ ವರ್ಷವಿಡೀ ಬಿಚ್ಚುವುದೇ ಆಗುತ್ತದೆ, ಕೈಯಲ್ಲಿ ಬರೀ ದಾರ ಉಳಿದಂತೆ ಕಾಣುತ್ತದೆ. ಆಗ ಓಡಿಹೋಗಬೇಡ.

ಇನ್ನೊಂದು. ಸಂಶಯ ಬಂದ ರಾತ್ರಿ ಪ್ರಾರ್ಥನೆ ಮಾಡಲಾಗದಿದ್ದರೆ ಸುಮ್ಮನೆ 88ನೆಯ ಕೀರ್ತನೆ ಓದು. ದೂರಿನ ಕೀರ್ತನೆಗಳು ಬಹಳ ಇವೆ. ಹೆಚ್ಚಿನವು ಕೊನೆಗೆ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅಂಥದ್ದನ್ನೂ ದೇವಾಲಯದಲ್ಲಿ ಹಾಡಲೆಂದು ಉಳಿಸಿಕೊಂಡವರು ನಮ್ಮ ಹಿರಿಯರು. ಮಾರ್ಕನ ಸುವಾರ್ತೆಯೂ ಹಾಗೇ. ನಾಲ್ಕನೆಯ ಶತಮಾನದ ಎರಡು ದೊಡ್ಡ ಗ್ರೀಕ್ ಹಸ್ತಪ್ರತಿಗಳು, ಸಿನಾಯಿಟಿಕಸ್ ಮತ್ತು ವ್ಯಾಟಿಕನಸ್, ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೇ ಮುಗಿಯುತ್ತವೆ. ಸಮಾಧಿಯ ಬಳಿ ಹೋದ ಹೆಣ್ಣುಮಕ್ಕಳು ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಕಥೆ ಅಷ್ಟೇ. ಮುಂದಿನದು ಆಮೇಲೆ ಸೇರಿದ್ದು ಎನ್ನುತ್ತಾರೆ ಪಂಡಿತರು. ಆ ಹೆದರಿದ ಹೆಣ್ಣುಮಕ್ಕಳು ಒಂದಲ್ಲ ಒಂದು ದಿನ ಬಾಯಿ ಬಿಟ್ಟಿರಲೇಬೇಕು, ಇಲ್ಲದಿದ್ದರೆ ಮಾರ್ಕನಿಗೆ ಬರೆಯಲು ಏನಿತ್ತು? ಇದು ಪಂಡಿತರ ಮಾತಲ್ಲ, ನನ್ನದು. ಪರೀಕ್ಷೆಯಲ್ಲಿ ಬರೆದೀಯೆ ಜೋಕೆ.

ಇಷ್ಟು ಧೈರ್ಯ ಕೊಟ್ಟ ಮೇಲೆ ಒಂದು ಎಚ್ಚರಿಕೆಯನ್ನೂ ಕೊಡಬೇಕು. ತರಗತಿಯಲ್ಲಿ ಮಧ್ಯಾಹ್ನ ಕೇಳಿದ್ದನ್ನು ಹಸಿಹಸಿಯಾಗಿ ರವಿವಾರದ ಪ್ರಸಂಗಕ್ಕೆ ತರಬೇಡ. ರಜೆಗೆ ಬಂದ ಸೆಮಿನರಿ ಹುಡುಗರು ಪೀಠ ಹತ್ತಿ ಜ್ಞಾನ ಪ್ರದರ್ಶನ ಮಾಡುವುದನ್ನು ಸಾಕಷ್ಟು ನೋಡಿದ್ದೇನೆ. ಗಂಡನನ್ನು ಕಳಕೊಂಡು ಮೂರು ವಾರವಾಗಿರದ ಮುದುಕಿ ಮುಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಇವರು ಅವಳಿಗೆ ಮೂಲಾಧಾರಗಳ ಸಿದ್ಧಾಂತ ಹೇಳುತ್ತಾರೆ. ಅದು ವಿದ್ಯೆಯಲ್ಲ, ಅಹಂಕಾರ. ಹಾಗೆಂದು ಕಲಿತದ್ದನ್ನು ಮುಚ್ಚಿಟ್ಟು ಹಳೆಯದನ್ನೇ ಗಿಳಿಪಾಠ ಒಪ್ಪಿಸುವುದೂ ಮೋಸವೇ. ಅರಗಿಸಿಕೊಂಡು ಹೇಳು. ಅರಗಲು ಎಷ್ಟು ದಿನ ಬೇಕೋ ಅಷ್ಟು ದಿನ ಆ ಅಧ್ಯಾಯದ ಮೇಲೆ ಪ್ರಸಂಗ ಮಾಡಬೇಡ. ಸತ್ಯವೇದದಲ್ಲಿ ಬೇರೆ ಅಧ್ಯಾಯಗಳಿಗೇನು ಬರವೇ?

ಚಾಪೆಲಿನಲ್ಲಿ ಒಬ್ಬರು ಕೈ ಎತ್ತಿ ಹಾಡುತ್ತಾರೆ, ಕೇರಳದವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಮಿಜೋರಾಮಿನ ಹುಡುಗಿಯರು ಪುಸ್ತಕವಿಲ್ಲದೆ ನಾಲ್ಕು ದನಿಯಲ್ಲಿ ಹಾಡಿಬಿಡುತ್ತಾರೆ, ನಾನೊಬ್ಬಳೇ ಆರಾಧನಾ ಕ್ರಮದ ಪುಟ ಹುಡುಕುತ್ತಾ ನಿಂತಿರುತ್ತೇನೆ ಎಂದೆ. ಹುಡುಕು, ನಾಚಿಕೆ ಏನು? ದಕ್ಷಿಣ ಭಾರತ ಸಭೆ ಹುಟ್ಟಿದ್ದೇ 1947ರ ಸೆಪ್ಟೆಂಬರಿನಲ್ಲಿ, ಬೇರೆಬೇರೆ ಮಿಷನ್ನಿನವರು ಒಬ್ಬರ ಪುಸ್ತಕ ಒಬ್ಬರು ತೆರೆದು ನೋಡಿದ್ದರಿಂದ. 1910ರಲ್ಲಿ ನಿನ್ನ ಕಾಲೇಜು ಶುರುವಾದದ್ದೂ ಹಲವು ಮಿಷನ್ನಿನವರು ಕೂಡಿಯೇ. ಮೆಸ್ಸಿನ ಊಟದ ವಿಷಯಕ್ಕೆ ನನ್ನಲ್ಲಿ ಮದ್ದಿಲ್ಲ. ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ, ಕೋಣೆಯ ನಾಗಾ ಗೆಳತಿಗೂ ಕೊಡು; ಅವಳ ಊರಿನ ಒಣ ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡ.

ಜಾತಿಯ ಮಾತು ಬಂದೇ ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಿಚ್ಚಿ ಹೇಳುವುದಿಲ್ಲ. ನಮ್ಮ ಸಭೆಯ ಕೆಲವರ ಹಿರಿಯರು ಮಗ್ಗದವರು, ಕೆಲವರ ಹಿರಿಯರು ಹೊಲಗೇರಿಯವರು. ದೇವಾಲಯದಲ್ಲಿ ಒಂದೇ ಬಟ್ಟಲಿನಿಂದ ಕುಡಿದವರೇ ಸಂಬಂಧ ಕೂಡಿಸುವ ಹೊತ್ತಿಗೆ ಮೆಲ್ಲಗೆ ಮೂಲ ವಿಚಾರಿಸುತ್ತಾರೆ. ನೀನು ಈಗ ಓಡಾಡುತ್ತಿರುವ ಅದೇ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಎಂಬ ಅಧ್ಯಾಪಕರು ಶೂದ್ರ ದೈವಶಾಸ್ತ್ರದ ಬಗ್ಗೆ ಭಾಷಣ ಮಾಡಿದರು. ದಲಿತ ದೈವಶಾಸ್ತ್ರ ಬೆಳೆದದ್ದು ಅಲ್ಲಿಂದಾಚೆ. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರಾಗಿದ್ದೂ ಕ್ರೈಸ್ತ ಚಿಂತನೆಯೆಲ್ಲ ಮೇಲ್ಜಾತಿಯ ವೇದಾಂತದ ಜೊತೆಗೇ ಮಾತಾಡುತ್ತಾ ಕೂತಿತಲ್ಲ ಎಂಬುದು ಅವರ ತಕರಾರು. ಗ್ರಂಥಾಲಯದಲ್ಲಿ ಕೇಳಿ ಓದು. ಓದಿ ಊರಿಗೆ ಬಂದು ನನ್ನ ಜೊತೆ ಜಗಳ ಮಾಡು. ಆ ಜಗಳಕ್ಕೆ ನಮ್ಮ ಮನೆ ಬಹಳ ವರ್ಷದಿಂದ ಬಾಕಿ ಇಟ್ಟುಕೊಂಡಿದೆ.

ಇತರ ಧರ್ಮಗಳ ಪತ್ರಿಕೆಯಲ್ಲಿ ಮಾತ್ರ ನೀನು ಯಾರಿಗೂ ಹಿಂದೆ ಬೀಳಬಾರದು. ತೋಂಟದಾರ್ಯ ಮಠದ ಜಾತ್ರೆಯಲ್ಲಿ ಬತ್ತಾಸು ತಿಂದು ಬೆಳೆದವಳು ನೀನು. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಕಂಬ ಇದೇ ಎಂದು ತೋರಿಸುವ ಊರಿನವಳು. ಪುಸ್ತಕದಲ್ಲಿ ಲಿಂಗಾಯತ ಧರ್ಮ ಎರಡು ಪುಟ ಇರಬಹುದು, ನಿನಗೆ ಅದು ಪಕ್ಕದ ಮನೆ. ಸೆಮಿನಾರಿನಲ್ಲಿ ಪುಸ್ತಕಕ್ಕೂ ಪಕ್ಕದ ಮನೆಗೂ ತಾಳೆಯಾಗದಿದ್ದರೆ ಎದ್ದು ಹೇಳು.

ಎದ್ದು ಹೇಳಲು ಇಂಗ್ಲಿಷು ಬರಬೇಕಲ್ಲ ಎನ್ನುತ್ತೀಯ. ಗೊತ್ತು. ಬಲ್ಮಠದಲ್ಲಿ ನಮಗೆ ಕನ್ನಡದಲ್ಲೇ ಪಾಠವಿತ್ತು, ಆ ಮಟ್ಟಿಗೆ ನಾನು ಪುಣ್ಯವಂತ. ಆರು ತಿಂಗಳು ತಪ್ಪುತಪ್ಪಾಗಿಯೇ ಮಾತಾಡು, ಯಾರೂ ನೇಣು ಹಾಕುವುದಿಲ್ಲ. ನಾಲ್ಕು ವರ್ಷದ ಕೊನೆಗೆ ನಿನ್ನ ಕೈಗೆ ಬರುವ ಪದವಿಪತ್ರ ಬಂಗಾಳದ ಸೆರಾಂಪುರದ್ದು. ಆ ಕಾಲೇಜು ಕಟ್ಟಿದ್ದು 1818ರಲ್ಲಿ. ಊರು ಆಗ ಡೆನ್ಮಾರ್ಕಿನ ಕೈಯಲ್ಲಿದ್ದುದರಿಂದ ಪದವಿ ಕೊಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕಿನ ರಾಜನಿಂದ ಬಂತು. ಕಟ್ಟಿದ ಮೂವರಲ್ಲಿ ಒಬ್ಬ ವಿಲಿಯಂ ಕೇರಿ, ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. 1812ರಲ್ಲಿ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ಐದು ವರ್ಷಕ್ಕೆ, ಅಂದರೆ 1817ಕ್ಕೆ, ಅದೇ ಕೇರಿ ಕನ್ನಡದ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ. ಬಂಗಾಳದಲ್ಲಿ ಕೂತ ಪರದೇಶದವನು ನಮ್ಮ ಕ್ರಿಯಾಪದಗಳ ಜೊತೆ ಗುದ್ದಾಡಿದ್ದಾನೆ. ನೀನು ಇಂಗ್ಲಿಷಿಗೆ ಹೆದರಿದರೆ ಹೇಗೆ?

ಆದರೆ ಕನ್ನಡ ಬಿಡಬೇಡ. ಕಿಟೆಲ್ಲರ 1894ರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ ಅವರು ‘ಕಥಾಮಾಲೆ’ ಹೊರತಂದರೆಂಬುದು ನಮ್ಮ ಸಭೆಯವರಿಗೇ ಮರೆತುಹೋಗಿದೆ. ಪ್ರತಿ ವಾರ ತರಗತಿಯಲ್ಲಿ ಕೇಳಿದ ಒಂದು ವಿಷಯವನ್ನು ಒಂದು ಪುಟ ಕನ್ನಡದಲ್ಲಿ ಬರೆದು ನನಗೆ ಕಳಿಸು, ವಾಟ್ಸಾಪಿನಲ್ಲಾದರೂ ಸರಿ. ನಿನ್ನ ಆಯಿಗೆ ಓದಿ ಹೇಳುತ್ತೇನೆ. ಅವಳಿಗೆ ತಿಳಿಯದಿದ್ದರೆ ನಿನಗೂ ಇನ್ನೂ ತಿಳಿದಿಲ್ಲವೆಂದು ಲೆಕ್ಕ. ಗ್ರೀಕ್ ಕ್ರಿಯಾಪದಗಳನ್ನು ಬೆಳಗಿನ ಹೊತ್ತು ಬಾಯಿಪಾಠ ಮಾಡು. ರಾತ್ರಿ ಕಲಿತದ್ದು ನನಗಂತೂ ನಿಲ್ಲುತ್ತಿರಲಿಲ್ಲ.

ಹೆಣ್ಣುಮಗಳು ಪೀಠ ಹತ್ತುವುದು ಬೇಡವೆಂದು ಕಮಿಟಿಯಲ್ಲಿ ಗೊಣಗಿದವರು ನಿನಗೆ ಗೊತ್ತೇ ಇದ್ದಾರೆ. ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು 2013ರಲ್ಲೇ ಬಿಷಪ್ ಆದರು ಎಂದೆ ನಾನು. ಆಂಧ್ರದ ಮಾತು ಬೇರೆ ಎಂದರು. ನಿನಗಾಗಿ ಚಂದಾ ಎತ್ತಿದವರಲ್ಲಿ ಆ ಗೊಣಗಿದವರೂ ಇದ್ದಾರೆ ಎಂಬುದನ್ನೂ ಹೇಳಬೇಕು, ಮನುಷ್ಯರು ಹೀಗೇ. ಆ ದುಡ್ಡಿನ ಭಾರ ತಲೆಯ ಮೇಲೆ ಹೊತ್ತುಕೊಳ್ಳಬೇಡ. ಒಂದು ವೇಳೆ ಎರಡನೆಯ ವರ್ಷಕ್ಕೆ ಈ ದಾರಿ ನನ್ನದಲ್ಲ ಎಂದು ನಿಜವಾಗಿಯೂ ಅನಿಸಿದರೆ ಮೊದಲು ನನಗೆ ಹೇಳು. ಸಭೆಗೆ ನಾನು ಹೇಳಿಕೊಳ್ಳುತ್ತೇನೆ.

ಕ್ರಿಸ್ಮಸ್ ರಜೆಗೆ ಬಂದಾಗ ಒಂದು ರವಿವಾರ ಪ್ರಸಂಗ ನಿನ್ನದೇ ಎಂದು ಅಯ್ಯನವರು ಬೋರ್ಡಿನ ಮೇಲೆ ಬರೆಸಿಬಿಟ್ಟಿದ್ದಾರೆ. ಪಾಠಭಾಗ ಯಾವುದೆಂದು ಈ ತಿಂಗಳೊಳಗೆ ತಿಳಿಸು, ಹಾಡು ಕಲಿಸುವವರು ಕೇಳುತ್ತಿದ್ದಾರೆ. ಹದಿನೈದು ನಿಮಿಷ ದಾಟಬೇಡ. ಅಂದು ಮಧ್ಯಾಹ್ನ ಪ್ರೀತಿಭೋಜನ ಇದೆ, ಜನ ಗಡಿಯಾರ ನೋಡುತ್ತಾರೆ.

ನಿನ್ನ ದೊಡ್ಡಪ್ಪ