ಮನೆಯ ಮೊದಲ ಕಾಲೇಜು ಮೆಟ್ಟಿಲು

ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯ ಒಂದು ಮನೆ. ಜಗಲಿಯಲ್ಲಿ ತಾಯಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಫೈಲು ಹಿಡಿದು ಕೂತ ಮಗಳ ಕಣ್ಣು ಕೆಂಪಾಗಿತ್ತು. ಪದವಿ ಕಾಲೇಜಿಗೆ ಸೇರಿದ ಮೇಲೆ ಸಿಇಟಿಯಲ್ಲಿ ಸೀಟು ಸಿಕ್ಕಿದೆ. ಪೂರ್ತಿ ಫೀಸು ಕಟ್ಟದೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡುವುದಿಲ್ಲವೆಂದು ಕಾಲೇಜಿನವರು ಹೇಳಿದ್ದಾರಂತೆ. ಆ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ಕಾಲೇಜಿನವರ ಮಾತು ತಪ್ಪು ಎಂದು ಹೇಳುವವರೇ ಇರಲಿಲ್ಲ.

ಅದು ತಪ್ಪೇ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಕಾಲೇಜು ಒರಿಜಿನಲ್ ದಾಖಲೆಗಳನ್ನು ವಿದ್ಯಾರ್ಥಿಯ ಎದುರೇ ಪರಿಶೀಲಿಸಿ ತಕ್ಷಣ ಮರಳಿಸಬೇಕು. ಇಟ್ಟುಕೊಳ್ಳಬೇಕಾದದ್ದು ಜೆರಾಕ್ಸ್ ಮಾತ್ರ. ಫೀಸಿಗೂ ಲೆಕ್ಕವಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಪೂರ್ತಿ ವಾಪಸು, ಮುರಿದುಕೊಳ್ಳುವುದು ಹೆಚ್ಚೆಂದರೆ ಶೇ. 5, ಅದೂ 5000 ರೂಪಾಯಿ ಮೀರದಂತೆ. ಆ 15 ದಿನದೊಳಗೆ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಹಾಗಾಗಿ ಬಾಯಿಮಾತಿನಲ್ಲಿ ದಿನ ಕಳೆಯಬೇಡಿ. ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳಿ. ಕೇಳದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಅದರ ಮೇಲೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್. 2023ರ ಯುಜಿಸಿ ನಿಯಮದಲ್ಲಿ ಎರಡೂ ಕಡ್ಡಾಯ.

ನಿಗದಿಯಾದ ಫೀಸಿಗಿಂತ ಹೆಚ್ಚು ದುಡ್ಡು ಕೇಳಿದರೆ ಅದು ಕ್ಯಾಪಿಟೇಷನ್. ಕರ್ನಾಟಕದಲ್ಲಿ 1984ರಿಂದಲೇ ಅದಕ್ಕೆ ನಿಷೇಧವಿದೆ. ತುಮಕೂರಿನ ವೈದ್ಯಕೀಯ ಕಾಲೇಜೊಂದರ ಸೀಟಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಕ್ಯಾಪಿಟೇಷನ್ ಶುಲ್ಕ ಸಂವಿಧಾನಬಾಹಿರ ಎಂದಿತು.

ಅವಳ ಫೈಲಿನಲ್ಲಿ ನನಗೆ ಹೆಚ್ಚು ನೋವು ತಂದದ್ದು ಇನ್ನೊಂದು. ಒಂದರಿಂದ ಹತ್ತರವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿದವಳು, ಸಿಇಟಿ ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಕಡೆ 'ಇಲ್ಲ' ಎಂದು ತುಂಬಿದ್ದಳು. ಶೇ. 15 ಮತ್ತು ಶೇ. 5ರ ಮೀಸಲಾತಿ ಅಲ್ಲಿಗೇ ಹೋಯಿತು. ಕೊನೆಯ ದಿನ ಕಳೆದ ಮೇಲೆ ಸೇರಿಸಲು ಬರುವುದಿಲ್ಲ. ಗ್ರಾಮೀಣಕ್ಕೆ ಲೆಕ್ಕ ಶಾಲೆ ಇದ್ದ ಊರು, ಮನೆ ಇದ್ದ ಊರಲ್ಲ. ಪಂಚಾಯತಿ ವ್ಯಾಪ್ತಿಯ ಶಾಲೆಗೂ ಕಾಪು ಪುರಸಭೆಯೊಳಗಿನ ಶಾಲೆಗೂ ವ್ಯತ್ಯಾಸ ಇರುವುದು ಇಲ್ಲೇ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಅಲ್ಲಿ ಕೊಡುವ ಸಕಾಲ ಸಂಖ್ಯೆಯ ಚೀಟಿ ಎಸೆಯಬೇಡಿ: ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳುವ ಹಕ್ಕು ಇರುವುದು ಆ ಚೀಟಿಯ ಬಲದಿಂದ.

ಸಿಇಟಿ ಸೀಟು ಬಂದ ಮೇಲೆ ಚಾಯ್ಸ್ ಒತ್ತುವಾಗ ಅವಸರ ಬೇಡ. ಒಂದು ಎಂದರೆ ಒಪ್ಪಿಗೆ, ಅಲ್ಲಿಗೆ ಮುಗಿಯಿತು. ಎರಡು ಎಂದರೆ ಈ ಸೀಟು ಕೈಯಲ್ಲಿರಲಿ, ಇನ್ನೂ ಒಳ್ಳೆಯದು ಸಿಗುತ್ತದೋ ನೋಡೋಣ. ಮೂರರಲ್ಲಿ ಕೈಯಲ್ಲಿದ್ದ ಸೀಟೂ ಹೋಗುತ್ತದೆ, ಮುಂದಿನ ಸುತ್ತು ಮಾತ್ರ ಉಳಿಯುತ್ತದೆ. ನಾಲ್ಕು ಎಂದರೆ ಹೊರಗೆ. ದಿನಾ ಬಸ್ಸಿನಲ್ಲಿ ಹೋಗಿಬರಬಹುದಾದ ಬಂಟಕಲ್ಲಿನ ಕಾಲೇಜೋ, ಹಾಸ್ಟೆಲ್ ಖರ್ಚಿನ ಬೆಂಗಳೂರೋ ಎಂಬುದನ್ನು ಮಲ್ಲಿಗೆಯ ದುಡ್ಡಿನ ಲೆಕ್ಕ ಗೊತ್ತಿರುವ ತಾಯಿಯ ಜೊತೆ ಕೂತೇ ತೀರ್ಮಾನಿಸಬೇಕು.

ಕಾಲೇಜಿಗೆ ಕೊಡುವ ಅರ್ಜಿ ಅವಳೇ ಬರೆದಳು. ತಮ್ಮ ಈಗ ಎಸ್ಸೆಸ್ಸೆಲ್ಸಿ. ಅವನ ವ್ಯಾಸಂಗ ಪ್ರಮಾಣಪತ್ರ ಕೇಳಲು ಸೋಮವಾರವೇ ಶಾಲೆಗೆ ಹೋಗುತ್ತೇನೆ ಎಂದಳು.